ಕಾಡು–ಕಡಲಿನ ಪ್ರವಾಸ: ಮೊದಲು ತಿಂಗಳು ನಿಶ್ಚಯವಾಗಲಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಪೂರ್ವ ಆಫ್ರಿಕಾದ ಸಫಾರಿಯ ಬಗ್ಗೆ ಆಗಾಗ ಬರುವ ಬರಹಗಳನ್ನೂ ಅವುಗಳ ಪಕ್ಕದಲ್ಲೇ ಅಚ್ಚಾಗುವ ಪ್ಯಾಕೇಜ್ ಜಾಹೀರಾತುಗಳನ್ನೂ ಓದುತ್ತ ಬಂದಿರುವ ನನಗೆ ಒಂದು ವಿಷಯವನ್ನು ಓದುಗರ ಮುಂದಿಡಬೇಕೆನಿಸಿದೆ. ಕೆನ್ಯಾ ಅಥವಾ ತಾಂಜಾನಿಯಾಕ್ಕೆ ಹೋಗಿ ವನ್ಯಜೀವಿಗಳನ್ನು ನೋಡಿ, ಕೊನೆಗೆ ಹಿಂದೂ ಮಹಾಸಾಗರದ ದಡದಲ್ಲಿ ಕೆಲವು ದಿನ ತಂಗಿ ಬರುವ ಪ್ರವಾಸ ಈಗ ಮಧ್ಯಮ ವರ್ಗದ ಕುಟುಂಬಗಳ ಕೈಗೂ ಎಟಕುತ್ತಿದೆ. ವರ್ಷಗಟ್ಟಲೆ ಹಣ ಕೂಡಿಟ್ಟು, ಬದುಕಿನಲ್ಲಿ ಒಮ್ಮೆಯಾದರೂ ನೋಡಬೇಕೆಂದು ಹೊರಡುವವರೇ ಹೆಚ್ಚು. ಅಂಥವರು ಕೆನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ, ಗೊರೊಂಗೊರೊ ಕಾಡುಗಳು, ಜಾಂಜಿಬಾರ್ ದ್ವೀಪ ಎಲ್ಲವನ್ನೂ ಒಂದೇ ವಾರದಲ್ಲಿ ಮುಗಿಸುವ ಪಟ್ಟಿಗೆ ಮುಂಗಡ ಕಟ್ಟಿ, ಅರ್ಧ ಪ್ರವಾಸವನ್ನು ಜೀಪಿನ ಕಿಟಕಿಯಾಚೆಯ ಧೂಳು ನೋಡುತ್ತಲೇ ಕಳೆದು ಬರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಈ ಪ್ರವಾಸದ ಯೋಜನೆ ತಿಂಗಳಿನ ಆಯ್ಕೆಯಿಂದ ಆರಂಭವಾಗಬೇಕು. ತಿಂಗಳು ನಿಶ್ಚಯವಾದ ಮೇಲೆ ಒಂದು ಕಾಡಿನ ಸೀಮೆ, ಅದಕ್ಕೆ ಹೊಂದುವ ಒಂದು ಕಡಲತೀರ, ಇಷ್ಟು ಸಾಕು ಎಂಬುದು ನನ್ನ ವಾದ.

ಪೂರ್ವ ಆಫ್ರಿಕಾದ ಈ ಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್ ಮಧ್ಯದಿಂದ ಮೇ ತಿಂಗಳವರೆಗೆ ಸುರಿಯುವುದು ದೊಡ್ಡ ಮಳೆ, ಸ್ವಾಹಿಲಿಯಲ್ಲಿ ‘ಮಸಿಕಾ’. ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಬಿಟ್ಟು ಬಿಟ್ಟು ಬರುವುದು ಸಣ್ಣ ಮಳೆ, ‘ವುಲಿ’. ದೊಡ್ಡ ಮಳೆಯಲ್ಲಿ ಕಾಡಿನ ದಾರಿಗಳು ಕೆಸರಾಗಿ ಗಾಡಿಯ ಚಕ್ರ ಹೂತುಹೋಗುತ್ತವೆ, ಹುಲ್ಲು ಆಳುದ್ದ ಬೆಳೆದು ಪ್ರಾಣಿಗಳು ಮರೆಯಾಗುತ್ತವೆ, ಕರಾವಳಿಯ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿ ದುರಸ್ತಿಗೆ ತೊಡಗುತ್ತವೆ. ಶಾಲೆಯ ಬೇಸಿಗೆ ರಜೆಗೆಂದು ಏಪ್ರಿಲ್ ತಿಂಗಳಲ್ಲಿ ಭಾರಿ ರಿಯಾಯಿತಿ ತೋರಿಸಿ ಮಾರುವ ಪ್ಯಾಕೇಜುಗಳ ಹಿಂದಿನ ಕಾರಣ ಇದೇ. ರಿಯಾಯಿತಿ ಸುಳ್ಳಲ್ಲ, ಆದರೆ ಅದು ಏಕೆ ಸಿಗುತ್ತಿದೆ ಎಂಬುದನ್ನು ಕೊಳ್ಳುವವರಿಗೆ ಹೇಳಬೇಕಾದದ್ದು ನ್ಯಾಯ.

ಮಳೆಯಷ್ಟೇ ಮುಖ್ಯವಾದದ್ದು ಗಾಳಿ. ಕಾಡಿನ ಲೆಕ್ಕ ಹಾಕುವವರು ಇದನ್ನು ಮರೆತೇಬಿಡುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕರಾವಳಿಯ ಮೇಲೆ ಈಶಾನ್ಯದಿಂದ ‘ಕಸ್ಕಾಜಿ’ ಬೀಸುತ್ತದೆ. ಆಗ ಬಿಸಿಲು ಜೋರು, ಆದರೆ ಕಡಲು ಬಹುಮಟ್ಟಿಗೆ ಶಾಂತ, ನೀರು ತಿಳಿ. ಏಪ್ರಿಲ್ ದಾಟಿದ ಮೇಲೆ ಸೆಪ್ಟೆಂಬರ್‌ವರೆಗೆ ಆಗ್ನೇಯದಿಂದ ‘ಕುಸಿ’ ಗಾಳಿಯ ಕಾಲ. ಆಗ ಹವೆ ತಂಪು, ಆದರೆ ಪೂರ್ವಕ್ಕೆ ಮುಖ ಮಾಡಿದ ತೀರಗಳಲ್ಲಿ ಅಲೆಗಾಳಿಯ ಆರ್ಭಟ. ಭಾರತದ ಪಶ್ಚಿಮ ಕರಾವಳಿಗೂ ಜಾಂಜಿಬಾರ್‌ಗೂ ನಡುವೆ ಶತಮಾನಗಳ ಕಾಲ ಹಾಯಿಹಡಗುಗಳು ಓಡಾಡಿದ್ದು ಇದೇ ಎರಡು ಗಾಳಿಗಳನ್ನು ನಂಬಿ. ಇಂದಿನ ಪ್ರವಾಸಿಯೂ ಅವನ್ನು ಗಮನದಲ್ಲಿಟ್ಟುಕೊಂಡರೆ ನಷ್ಟವೇನಿಲ್ಲ.

ಇನ್ನು ಕಾಡಿನ ಕಡೆಯ ಪಂಚಾಂಗ. ಸೆರೆಂಗೆಟಿ–ಮಾರಾ ಸೀಮೆಯಲ್ಲಿ ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳು, ಅವುಗಳೊಂದಿಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗೆಜೆಲ್ ಎಂಬ ಸಣ್ಣ ಹುಲ್ಲೆಗಳು ಮಳೆ ಬಿದ್ದ ಕಡೆ ಹುಲ್ಲು ಹುಡುಕಿಕೊಂಡು ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ‘ವಲಸೆ’ ಎಂದರೆ ಜುಲೈನಲ್ಲಿ ಆರಂಭವಾಗಿ ಅಕ್ಟೋಬರ್‌ನಲ್ಲಿ ಮುಗಿಯುವ ಒಂದು ಘಟನೆ ಎಂಬ ಭಾವನೆ ಜಾಹೀರಾತುಗಳಿಂದ ಹುಟ್ಟಿದ್ದು. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹಿಂಡುಗಳು ದಕ್ಷಿಣ ಸೆರೆಂಗೆಟಿ ಹಾಗೂ ನ್ಡುಟು ಸುತ್ತಲಿನ ಗಿಡ್ಡ ಹುಲ್ಲಿನ ಬಯಲಿನಲ್ಲಿರುತ್ತವೆ. ಮೇ–ಜೂನ್ ವೇಳೆಗೆ ಪಶ್ಚಿಮದ ಗ್ರುಮೆಟಿ ನದಿಯ ಕಡೆ ಸರಿಯುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿ ಮಾರಾ ನದಿಯ ಎರಡೂ ದಂಡೆಗಳಲ್ಲಿ ಅಲೆದಾಡುತ್ತವೆ. ನವೆಂಬರ್‌ನ ಸಣ್ಣ ಮಳೆ ಹಿಡಿದಾಗ ಮತ್ತೆ ದಕ್ಷಿಣಕ್ಕೆ ಮುಖ ಮಾಡುತ್ತವೆ. ಯಾವ ತಿಂಗಳಿಗೆ ಹೋದರೂ ಅವು ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. ಆ ‘ಎಲ್ಲೋ’ ಎಲ್ಲಿ ಎಂಬುದನ್ನು ತಿಳಿದು ಬಿಡಾರ ಗೊತ್ತುಮಾಡುವುದೇ ಯೋಜನೆಯ ಮುಖ್ಯ ಕೆಲಸ.

ನನ್ನನ್ನು ಕೇಳಿದರೆ ಕಾಡು–ಕಡಲು ಎರಡಕ್ಕೂ ಒಟ್ಟಿಗೆ ಒದಗುವ ಕಾಲ ಜನವರಿಯ ಕೊನೆ ಮತ್ತು ಫೆಬ್ರುವರಿ. ಆಗ ದಕ್ಷಿಣದ ಬಯಲಿನಲ್ಲಿ ವೈಲ್ಡ್‌ಬೀಸ್ಟ್‌ಗಳು ಮರಿ ಹಾಕುವ ಹೊತ್ತು. ಜ್ವಾಲಾಮುಖಿಯ ಬೂದಿ ಬಿದ್ದು ಆದ ಮಣ್ಣಿನಲ್ಲಿ ಸುಣ್ಣ, ರಂಜಕಗಳ ಅಂಶ ಹೆಚ್ಚಾಗಿರುವುದರಿಂದ ಅಲ್ಲಿನ ಗಿಡ್ಡ ಹುಲ್ಲು ಹಾಲೂಡುವ ತಾಯಂದಿರಿಗೆ ಪುಷ್ಟಿಕರ. ಮೇಲಾಗಿ ಬಯಲು ಬೋಳಾಗಿದ್ದು ಬೇಟೆಗಾರ ಪ್ರಾಣಿ ದೂರದಿಂದಲೇ ಕಾಣುತ್ತದೆ. ಕೆಲವೇ ವಾರಗಳಲ್ಲಿ ಲಕ್ಷಾಂತರ ಮರಿಗಳು ಹುಟ್ಟುತ್ತವೆ. ಒಂದು ಮರಿ ನೆಲಕ್ಕೆ ಬಿದ್ದ ಕ್ಷಣದಿಂದ ಅದನ್ನು ದೂರದರ್ಶಕದಲ್ಲಿ ನೋಡುತ್ತ ಕುಳಿತರೆ, ಒದ್ದೆ ಮೈಯಲ್ಲಿ ಮುಂಗಾಲು ಊರಿ ಏಳಲು ಹೋಗಿ ಮುಗ್ಗರಿಸುವುದು, ತಾಯಿ ಮೂತಿಯಿಂದ ತಳ್ಳುವುದು, ಮತ್ತೆ ಎದ್ದು ಅಡ್ಡಾದಿಡ್ಡಿ ಹೆಜ್ಜೆ ಹಾಕಿ ಹತ್ತು ನಿಮಿಷದೊಳಗೆ ತಾಯಿಯ ಪಕ್ಕೆಗೆ ಅಂಟಿಕೊಂಡು ಓಡುವುದು ಎಲ್ಲವೂ ಕಾಣುತ್ತದೆ. ಅಷ್ಟು ದೂರದಲ್ಲಿ ಕತ್ತೆಕಿರುಬವೊಂದು ತಲೆ ಎತ್ತಿ ನೋಡುತ್ತ ನಿಂತಿರುವುದೂ ಕಾಣುತ್ತದೆ. ಇಂಥದ್ದನ್ನು ನೋಡಲು ನದಿಯ ದಂಡೆಯ ನೂಕುನುಗ್ಗಲು ಬೇಕಿಲ್ಲ, ತಾಳ್ಮೆ ಬೇಕು. ಅದೇ ತಿಂಗಳು ಕಸ್ಕಾಜಿಯ ಕಾಲವಾದ್ದರಿಂದ ಬಯಲು ಬಿಟ್ಟು ಕರಾವಳಿಗೆ ಇಳಿದಾಗ ಕಡಲೂ ಈಜಿಗೆ ಒದಗುತ್ತದೆ.

ನದಿ ದಾಟುವುದನ್ನೇ ನೋಡಬೇಕೆಂದು ಹೊರಡುವವರಿಗೆ ಎರಡು ಮಾತು. ದಂಡೆಯಲ್ಲಿ ಸಾವಿರಾರು ಪ್ರಾಣಿಗಳು ಸೇರಿ, ಮುಂದಿನವು ನೀರಿನ ಅಂಚಿಗೆ ಬಂದು ಮೂಸಿ ಹಿಂದೆ ಸರಿದು, ಗಂಟೆಗಟ್ಟಲೆ ನಿಂತು, ಕೊನೆಗೆ ದಾಟದೆಯೇ ಹುಲ್ಲಿಗೆ ಮರಳಿಬಿಡುವುದು ಸಾಮಾನ್ಯ. ಯಾರೂ ದಿನ ನಿಗದಿ ಮಾಡಲಾರರು. ದಾಟುವ ದೃಶ್ಯಕ್ಕೆ ಖಾತರಿ ಕೊಡುವ ಏಜೆಂಟರ ಮಾತನ್ನು ನಂಬಬೇಡಿ. ಎರಡನೆಯದು ಗಾಡಿಗಳ ಸಂಗತಿ. ಹಿಂಡು ಇಳಿಯುವ ಅಥವಾ ಏರುವ ದಾರಿಗೆ ಅಡ್ಡವಾಗಿ ಗಾಡಿಗಳು ಸಾಲುಗಟ್ಟಿದರೆ ಪ್ರಾಣಿಗಳು ಬೆದರಿ ದಾರಿ ಬದಲಿಸುತ್ತವೆ, ಕಡಿದಾದ ದಂಡೆಯಲ್ಲಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. 2025ರ ಜುಲೈನಲ್ಲಿ ಉತ್ತರ ಸೆರೆಂಗೆಟಿಯ ಕೊಗಾಟೆಂಡೆ ಬಳಿ ಪ್ರವಾಸಿಗರು ಗಾಡಿಯಿಂದಿಳಿದು ನದಿಯಂಚಿಗೇ ನುಗ್ಗಿ ಹಿಂಡಿಗೆ ಅಡ್ಡ ನಿಂತ ವಿಡಿಯೊಗಳು ಹರಡಿದಾಗ ಜಗತ್ತೇ ಛೀಮಾರಿ ಹಾಕಿತು. ಆ ಗುಂಪಿನಲ್ಲಿದ್ದವರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ. ಒಂದೇ ಒಂದು ಬೆಳಗಿನಲ್ಲಿ ‘ದಾಟುವಿಕೆ’ ಮುಗಿಸಿ ಮುಂದಿನ ಜಾಗಕ್ಕೆ ಓಡಬೇಕಾದವರ ಅವಸರ ಚಾಲಕನ ಮೇಲೆ ಒತ್ತಡವಾಗುತ್ತದೆ, ಚಾಲಕ ಗಾಡಿಯನ್ನು ಇನ್ನಷ್ಟು ಮುಂದಕ್ಕೆ ತರುತ್ತಾನೆ. ಅದೇ ಜಾಗದಲ್ಲಿ ನಾಲ್ಕು ರಾತ್ರಿ ಇರುವವರಿಗೆ ಆ ಅವಸರವಿರುವುದಿಲ್ಲ.

ಜುಲೈ–ಅಕ್ಟೋಬರ್‌ನಲ್ಲೇ ಹೋಗಬೇಕಾದವರು ಮಸಾಯಿ ಮಾರಾ ಮೀಸಲು ಪ್ರದೇಶದ ಪಕ್ಕದ ಕನ್ಸರ್ವೆನ್ಸಿಗಳನ್ನು ವಿಚಾರಿಸಬೇಕು. ಮಾರಾ ನಾಬೊಯಿಶೊ, ಓಲಾರೆ ಮೊಟೊರೊಗಿ, ಮಾರಾ ನಾರ್ತ್ ಮೊದಲಾದ ಇವು ಸರ್ಕಾರದ ಕಾಡಲ್ಲ. ನೂರಾರು ಮಸಾಯಿ ಕುಟುಂಬಗಳು ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ ವನ್ಯಜೀವಿಗಳಿಗಾಗಿ ಗುತ್ತಿಗೆ ಕೊಟ್ಟಿರುವ ನೆಲ. ಗುತ್ತಿಗೆಯ ಹಣ ಜಮೀನಿನ ಒಡೆಯರಿಗೆ ನೇರವಾಗಿ ಸೇರುತ್ತದೆ. ಅಲ್ಲಿ ಉಳಿದುಕೊಂಡವರಿಗೆ ಮಾತ್ರ ಪ್ರವೇಶ, ಗುಡಾರಗಳ ಸಂಖ್ಯೆಗೆ ಮಿತಿ, ಹೀಗಾಗಿ ಒಂದು ಸಿಂಹದ ಸುತ್ತ ಗಾಡಿಗಳ ಮುತ್ತಿಗೆ ಕಾಣುವುದಿಲ್ಲ. ಮೀಸಲು ಪ್ರದೇಶದಲ್ಲಿ ನಿಷಿದ್ಧವಾದ ರಾತ್ರಿ ಸಫಾರಿಗೂ ಕಾಲ್ನಡಿಗೆಗೂ ಅಲ್ಲಿ ಅವಕಾಶವಿದೆ. ದರ ಹೆಚ್ಚು, ನಿಜ. ಆದರೆ ಮೀಸಲು ಪ್ರದೇಶದ ದರವೂ ಈಗ ಕಡಿಮೆಯೇನಲ್ಲ: 2024ರಿಂದ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್, ಟಿಕೆಟ್ಟಿನ ಅವಧಿ ಹನ್ನೆರಡು ಗಂಟೆ. ಪ್ಯಾಕೇಜಿನಲ್ಲಿ ‘ಪ್ರವೇಶ ಶುಲ್ಕ ಪ್ರತ್ಯೇಕ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ನಾಲ್ವರ ಕುಟುಂಬಕ್ಕೆ ಅದೇ ಒಂದು ದೊಡ್ಡ ಮೊತ್ತ.

ಒಂದೇ ಪ್ರವಾಸದಲ್ಲಿ ಮಾರಾ ಮತ್ತು ಸೆರೆಂಗೆಟಿ ಎರಡನ್ನೂ ಸೇರಿಸುವ ಆಸೆ ಬಹಳ ಜನರಿಗೆ. ನಕ್ಷೆಯಲ್ಲಿ ಎರಡೂ ಬೆನ್ನಿಗೆ ಬೆನ್ನು ಅಂಟಿಕೊಂಡಿವೆ, ವೈಲ್ಡ್‌ಬೀಸ್ಟ್‌ಗಳಿಗೆ ಅಲ್ಲಿ ಗಡಿಯೇ ಇಲ್ಲ. ಮನುಷ್ಯರಿಗೆ ಇದೆ. ಎರಡೂ ಕಾಡುಗಳ ನಡುವಿನ ನೇರ ದಾರಿ 1977ರಿಂದ ಪ್ರವಾಸಿಗರಿಗೆ ಮುಚ್ಚಿದೆ. ಪಶ್ಚಿಮಕ್ಕೆ ಸುತ್ತಿ ಇಸೆಬಾನಿಯಾ–ಸಿರಾರಿ ಗಡಿ ಠಾಣೆಯ ಮೂಲಕ ಹೋಗಬೇಕು, ಇಲ್ಲವೇ ಪೂರ್ವದ ನಮಂಗಾ ಮೂಲಕ. ಗಡಿಯಲ್ಲಿ ಕೆನ್ಯಾದ ಗಾಡಿ ಬಿಟ್ಟು ತಾಂಜಾನಿಯಾದ ಗಾಡಿ ಹತ್ತಬೇಕು. ಒಂದು ಇಡೀ ದಿನ ಇದಕ್ಕೇ ಹೋಗುತ್ತದೆ. ಎರಡು ದೇಶದ ಪ್ರವೇಶ ಪತ್ರ, ಎರಡು ಗಾಡಿ, ಎರಡು ಚಾಲಕರ ಖರ್ಚೂ ಸೇರುತ್ತದೆ. ಎರಡೂ ಕಡೆ ಇರುವುದು ಅದೇ ಹುಲ್ಲುಗಾವಲು, ಅದೇ ಸಿಂಹ, ಅದೇ ಹಿಂಡು. ದಿನ ಕಡಿಮೆಯಿರುವವರು ಒಂದು ದೇಶವನ್ನು ಆರಿಸಿಕೊಳ್ಳುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಕೆನ್ಯಾವನ್ನು ಆರಿಸಿದವರಿಗೆ ಅತಿ ಸಹಜವಾದ ದಾರಿಯೊಂದಿದೆ. ಅದು ಜಾಹೀರಾತಿನಲ್ಲಿ ಅಪರೂಪ. ನೈರೋಬಿಯಿಂದ ದಕ್ಷಿಣಕ್ಕೆ ಅಂಬೊಸೆಲಿ ರಾಷ್ಟ್ರೀಯ ಉದ್ಯಾನ, ಅಲ್ಲಿಂದ ಲಾವಾ ಹರಿದು ಕಪ್ಪಾದ ನೆಲ ದಾಟಿ ತ್ಸಾವೊ ವೆಸ್ಟ್, ಅಲ್ಲಿಂದ ತ್ಸಾವೊ ಈಸ್ಟ್, ಕೊನೆಗೆ ಮೊಂಬಾಸಾ ಹಾದು ಡಿಯಾನಿ ತೀರ. ಎಲ್ಲಿಯೂ ಬಂದ ದಾರಿಯಲ್ಲೇ ಹಿಂದಿರುಗಬೇಕಿಲ್ಲ; ಎತ್ತರದ ನಾಡಿನಿಂದ ಮೆಲ್ಲಗೆ ಕಡಲಿಗೆ ಇಳಿಯುತ್ತ ಹೋಗುವ ಪ್ರಯಾಣ. ಅಂಬೊಸೆಲಿಯಲ್ಲಿ ಬೆಳಗಿನ ಜಾವ ಮೋಡ ಸರಿದಾಗ 5,895 ಮೀಟರ್ ಎತ್ತರದ ಕಿಲಿಮಂಜಾರೊ ಕೆಳಗೆ ಆನೆಗಳ ಸಾಲು ಜೌಗಿನತ್ತ ನಡೆಯುವುದನ್ನು ನೋಡಬಹುದು. ತ್ಸಾವೊದ ಆನೆಗಳು ಕೆಂಪು ಮಣ್ಣು ಮೈಗೆ ಎರಚಿಕೊಂಡು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ತ್ಸಾವೊದ ಎರಡೂ ಭಾಗ ಸೇರಿದರೆ ಇಪ್ಪತ್ತು ಸಾವಿರ ಚದರ ಕಿಲೊಮೀಟರ್‌ಗೂ ಮಿಗಿಲು; ಮಾರಾದಷ್ಟು ದಟ್ಟವಾಗಿ ಪ್ರಾಣಿಗಳು ಕಾಣದಿದ್ದರೂ ಗಂಟೆಗಟ್ಟಲೆ ಇನ್ನೊಂದು ಗಾಡಿ ಎದುರಾಗದ ಏಕಾಂತ ಅಲ್ಲಿದೆ. ತ್ಸಾವೊ ವೆಸ್ಟ್‌ನ ಮ್ಜಿಮಾ ಬುಗ್ಗೆಗಳಲ್ಲಿ ಲಾವಾ ಬಂಡೆಯಡಿಯಿಂದ ಉಕ್ಕುವ ತಿಳಿನೀರಿನಲ್ಲಿ ನೀರಾನೆಗಳು ಮುಳುಗಿ ಏಳುತ್ತಿರುತ್ತವೆ. ಮೊಂಬಾಸಾ ನಗರಕ್ಕೆ ಕುಡಿಯುವ ನೀರು ಹೋಗುವುದೂ ಇದೇ ಬುಗ್ಗೆಯಿಂದ.

ರಸ್ತೆ ಬೇಡವೆಂದರೆ ರೈಲಿದೆ. 2017ರಲ್ಲಿ ಆರಂಭವಾದ ನೈರೋಬಿ–ಮೊಂಬಾಸಾ ರೈಲು ಐದಾರು ಗಂಟೆಯಲ್ಲಿ ತಲುಪಿಸುತ್ತದೆ. ಎಲ್ಲ ಊರುಗಳಲ್ಲಿ ನಿಲ್ಲುವ ಗಾಡಿ ಹಿಡಿದರೆ ಅಂಬೊಸೆಲಿಗೆ ಹತ್ತಿರದ ಎಮಾಲಿಯಲ್ಲೂ ತ್ಸಾವೊ ಬಾಗಿಲಿನ ವೊಯಿಯಲ್ಲೂ ಇಳಿಯಬಹುದು. ಹಳಿ ತ್ಸಾವೊ ಕಾಡಿನ ನಡುವೆ ಎತ್ತರದ ಏರಿಯ ಮೇಲೆ ಹೋಗುತ್ತದೆ, ಕೆಳಗೆ ಆನೆಗಳಿಗೆ ಹಾದಿ ಬಿಟ್ಟಿದ್ದಾರೆ. ಇದರ ಪಕ್ಕದ ಹಳೆಯ ಹಳಿಯನ್ನು 1896ರಿಂದ 1901ರವರೆಗೆ ಹಾಕಿದವರು ಭಾರತದಿಂದ ಕರಾರಿನ ಮೇಲೆ ಒಯ್ದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು. ಅವರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲೇ ಮಣ್ಣಾದರು. ಆ ಕೂಲಿಗಳನ್ನು ಕೊಂದ ತ್ಸಾವೊದ ನರಭಕ್ಷಕ ಸಿಂಹಗಳ ಕಥೆಯನ್ನು ರೋಚಕವಾಗಿ ಹೇಳುವ ಮಾರ್ಗದರ್ಶಿಗಳಿಂದ ಈ ಕೂಲಿಗಳ ಕಥೆಯನ್ನೂ ನಮ್ಮವರು ಕೇಳಿ ತಿಳಿದುಕೊಳ್ಳಬೇಕೆಂದು ನನಗೆ ಆಸೆ.

ತಾಂಜಾನಿಯಾದಲ್ಲಿ ಆಯ್ಕೆ ಎರಡು. ಉತ್ತರದಲ್ಲಿ ಅರುಷಾದಿಂದ ಹೊರಟು ತರಂಗಿರೆ, ಗೊರೊಂಗೊರೊ, ಸೆರೆಂಗೆಟಿ ನೋಡಿ ಅಲ್ಲಿಂದಲೇ ಸಣ್ಣ ವಿಮಾನದಲ್ಲಿ ಜಾಂಜಿಬಾರ್‌ಗೆ ಇಳಿಯುವುದು ಮೊದಲನೆಯದು. ಅರುಷಾದಿಂದ ಸೆರೆಂಗೆಟಿಯ ನಡುಭಾಗದ ಸೆರೊನೆರಾಕ್ಕೆ 300 ಕಿಲೊಮೀಟರ್ ಮೀರಿದ ದಾರಿ, ಒಂದು ಹಗಲಿನ ಪ್ರಯಾಣ. ಹೋಗುವಾಗ ರಸ್ತೆಯಲ್ಲಿ ನೋಡುತ್ತ ಹೋಗಿ, ಬರುವಾಗ ವಿಮಾನ ಹಿಡಿದರೆ ಒಂದು ದಿನವೂ ಬೆನ್ನುಮೂಳೆಯೂ ಉಳಿಯುತ್ತವೆ. ಈ ಸಣ್ಣ ವಿಮಾನಗಳಲ್ಲಿ ಸಾಮಾನಿಗೆ ಸಾಮಾನ್ಯವಾಗಿ 15 ಕಿಲೊ ಮಿತಿ, ಅದೂ ಮೆತ್ತನೆಯ ಬಟ್ಟೆಯ ಚೀಲದಲ್ಲಿರಬೇಕು. ಗಟ್ಟಿ ಸೂಟ್‌ಕೇಸ್ ತಂದವರು ಏರ್‌ಸ್ಟ್ರಿಪ್‌ನಲ್ಲಿ ಪೇಚಾಡುತ್ತಾರೆ. ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚು ಸುಮಾರು 2,300 ಮೀಟರ್ ಎತ್ತರದಲ್ಲಿದ್ದು ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿ ಹಲ್ಲು ಕಡಿಯುವ ಚಳಿ, ನಾಲ್ಕು ದಿನದ ಬಳಿಕ ಕಡಲತೀರದಲ್ಲಿ ಬೆವರು; ಒಂದೇ ಚೀಲದಲ್ಲಿ ಎರಡಕ್ಕೂ ಬಟ್ಟೆ ಹೊಂದಿಸಿಕೊಳ್ಳಬೇಕು. ಕಡುನೀಲಿ, ಕಪ್ಪು ಬಟ್ಟೆ ಕಾಡಿಗೆ ಬೇಡ, ಆ ಬಣ್ಣಗಳಿಗೆ ಕಚ್ಚುವ ತ್ಸೆತ್ಸೆ ನೊಣಗಳು ಮುತ್ತುತ್ತವೆ. ಕುಳಿಯೊಳಕ್ಕೆ ಇಳಿಯುವ ಪ್ರತಿ ಗಾಡಿಗೆ ತಲೆವಾರು ಶುಲ್ಕವಲ್ಲದೆ ಪ್ರತ್ಯೇಕ ಶುಲ್ಕವಿದೆ, ತೆರಿಗೆ ಸೇರಿ 295 ಡಾಲರ್. ಗಾಡಿ ಹಂಚಿಕೊಂಡರೆ ಹೊರೆ ಹಗುರ.

ಎರಡನೆಯ ಆಯ್ಕೆ ದಕ್ಷಿಣ. ಹಣ ಮಿತವಾಗಿರುವವರಿಗೆ ನಾನು ಇದನ್ನೇ ಹೆಚ್ಚು ಒತ್ತಿ ಹೇಳುತ್ತೇನೆ. ಕರಾವಳಿ ನಗರ ದಾರ್ ಎಸ್ ಸಲಾಮ್‌ನಿಂದ ಮೊರೊಗೊರೊವರೆಗೆ 2024ರಲ್ಲಿ ಆರಂಭವಾದ ಹೊಸ ವಿದ್ಯುತ್ ರೈಲಿದೆ. ಅಲ್ಲಿಂದ ಮಿಕುಮಿ ರಾಷ್ಟ್ರೀಯ ಉದ್ಯಾನ ನೂರು ಕಿಲೊಮೀಟರ್ ಆಸುಪಾಸು. ಹಳೆಯ ಸೆಲೂ ಅಭಯಾರಣ್ಯದ ಒಂದು ಭಾಗವನ್ನು ಬೇರ್ಪಡಿಸಿ 2019ರಲ್ಲಿ ರೂಪಿಸಿದ ನ್ಯೆರೆರೆ ರಾಷ್ಟ್ರೀಯ ಉದ್ಯಾನ ಮೂವತ್ತು ಸಾವಿರ ಚದರ ಕಿಲೊಮೀಟರ್‌ಗೂ ದೊಡ್ಡದು. ಅಲ್ಲಿ ರುಫಿಜಿ ನದಿಯಲ್ಲಿ ದೋಣಿ ಸಫಾರಿ ಮಾಡುತ್ತ ಮೊಸಳೆ, ನೀರಾನೆ, ಹಕ್ಕಿಗಳನ್ನು ನೀರಿನ ಮಟ್ಟದಿಂದಲೇ ನೋಡಬಹುದು. ಎರಡಕ್ಕೂ ಜಾಂಜಿಬಾರ್ ಹತ್ತಿರ. ದಾರ್‌ನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ. ಬಗಮೊಯೊದ ಉತ್ತರಕ್ಕಿರುವ ಸಾದಾನಿಯಲ್ಲಂತೂ ರಾಷ್ಟ್ರೀಯ ಉದ್ಯಾನವೇ ಕಡಲಿಗೆ ಬಂದು ಮುಟ್ಟುತ್ತದೆ. ಈ ಹೆಸರುಗಳು ನಮ್ಮ ಪುರವಣಿಗಳಲ್ಲಿ ಕಾಣಿಸಿದ್ದು ನನಗೆ ನೆನಪಿಲ್ಲ.

ಇನ್ನು ತೀರದ ಆಯ್ಕೆ. ಇದರಲ್ಲಿ ಆಗುವಷ್ಟು ನಿರಾಸೆ ಬೇರೆಲ್ಲೂ ಆಗುವುದಿಲ್ಲ, ಕಾರಣ ಉಬ್ಬರ–ಇಳಿತ. ಜಾಂಜಿಬಾರ್‌ನ ಪೂರ್ವ ತೀರದ ಪಾಜೆ, ಜಂಬಿಯಾನಿ, ಬ್ವೆಜುಗಳಲ್ಲಿ ಹೋಟೆಲಿನ ಚಿತ್ರದಲ್ಲಿ ಕಾಣುವ ಹಸಿರುನೀಲಿ ನೀರು ದಿನಕ್ಕೆ ಎರಡು ಬಾರಿ ಹವಳದ ದಿಬ್ಬದವರೆಗೆ ಹಿಂದೆ ಸರಿದುಬಿಡುತ್ತದೆ. ಮಧ್ಯಾಹ್ನ ಈಜುಡುಗೆ ತೊಟ್ಟು ಬಂದವರ ಎದುರು ಕಿಲೊಮೀಟರಿನಷ್ಟು ಒದ್ದೆ ಮರಳು, ಮೊಣಕಾಲು ಮುಳುಗದ ಮಡುಗಳು, ಮುಳ್ಳಿನ ಕಡಲುಜೀವಿಗಳು. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತಲಿನ ದಿನಗಳಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಇಳಿತದ ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ತಿಥಿ ನೋಡಿ ದಿನ ಹಿಡಿಯುವುದು ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಕ್ರಮ. ಈಜೇ ಮುಖ್ಯವಾದರೆ ಉತ್ತರ ತುದಿಯ ನುಂಗ್ವಿ, ಕೆಂಡ್ವಾ ಲೇಸು. ಅಲ್ಲಿ ಇಳಿತದಲ್ಲೂ ನೀರು ಇಷ್ಟು ದೂರ ಹೋಗದು, ಜನಜಂಗುಳಿ ಮಾತ್ರ ಹೆಚ್ಚು.

ಆದರೆ ಇಳಿತವನ್ನು ದೋಷವೆಂದು ತಿಳಿಯುವುದು ಸರಿಯಲ್ಲ. ಜಂಬಿಯಾನಿಯಲ್ಲಿ ನೀರು ಸರಿದ ಮೇಲೆ ಹೆಂಗಸರು ಗುಂಪಾಗಿ ಮರಳಿಗೆ ಇಳಿಯುತ್ತಾರೆ. ಸಾಲಾಗಿ ನೆಟ್ಟ ಗೂಟಗಳ ನಡುವೆ ಹಗ್ಗ ಬಿಗಿದು, ಹಗ್ಗದುದ್ದಕ್ಕೂ ಕಡಲಪಾಚಿಯ ತುಂಡುಗಳನ್ನು ಕಟ್ಟುತ್ತಾರೆ. ಕೆಲವು ವಾರದಲ್ಲಿ ಬೆಳೆದದ್ದನ್ನು ಬಿಚ್ಚಿ ಚೀಲಕ್ಕೆ ತುಂಬಿ, ನೀರು ಸೋರುವ ಆ ಭಾರವನ್ನು ತಲೆಯ ಮೇಲೆ ಹೊತ್ತು ದಡಕ್ಕೆ ತಂದು ಒಣಗಲು ಹರಡುತ್ತಾರೆ. 1980ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ಈ ಬೇಸಾಯದಲ್ಲಿ ಬಹುಪಾಲು ದುಡಿಯುವವರು ಹೆಂಗಸರೇ. ನೀರು ಬಿಸಿಯಾಗುತ್ತ ಬಂದಂತೆ ಹೆಚ್ಚು ಬೆಲೆ ಸಿಗುವ ತಳಿ ಸಾಯತೊಡಗಿ ಅವರ ದುಡಿಮೆಗೆ ಪೆಟ್ಟು ಬಿದ್ದಿದೆ. ಆ ಸಾಲುಗಳ ಮೇಲೆ ಕಾಲಿಡದೆ, ಕೇಳದೆ ಅವರ ಚಿತ್ರ ತೆಗೆಯದೆ, ಒಪ್ಪಿದರೆ ಅವರೊಡನೆ ನಡೆದು ಕೆಲಸ ನೋಡಿ, ಅವರೇ ತಯಾರಿಸಿದ ಸಾಬೂನು ಕೊಂಡು ಬರುವುದು ಕಡಲತೀರದ ಒಂದು ಬೆಳಗಿಗೆ ಅತ್ಯಂತ ಸಾರ್ಥಕವಾದ ಕಾರ್ಯಕ್ರಮ.

ಸಫಾರಿಯಲ್ಲಿ ಪ್ರಾಣಿಗಳಿಂದ ದೂರವಿರಲು ಒಪ್ಪಿದವರೇ ಕಡಲಿಗೆ ಬಂದಾಗ ಆ ಶಿಸ್ತನ್ನು ಬಿಟ್ಟುಬಿಡುವುದನ್ನು ನೋಡಿದ್ದೇನೆ. ಜಾಂಜಿಬಾರ್‌ನ ಕಿಜಿಂಕಾಜಿಯಲ್ಲಿ ಡಾಲ್ಫಿನ್‌ಗಳ ಹಿಂದೆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಅವುಗಳ ಮೇಲೆಯೇ ಜಿಗಿಯುವುದು, ನಕ್ಷತ್ರಮೀನನ್ನು ನೀರಿನಿಂದೆತ್ತಿ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವುದು, ಹವಳದ ಮೇಲೆ ನಿಲ್ಲುವುದು, ಇವೆಲ್ಲ ಸಿಂಹದ ಗುಹೆಗೆ ಕಲ್ಲೆಸೆಯುವುದಕ್ಕಿಂತ ಕಡಿಮೆ ತಪ್ಪಲ್ಲ. ಜಾಂಜಿಬಾರ್‌ನ ಬಹುತೇಕ ಜನ ಮುಸ್ಲಿಮರು. ಅಲ್ಲಿನ ಹಳೆಯ ನಗರಭಾಗವಾದ ಸ್ಟೋನ್ ಟೌನ್‌ನ ಓಣಿಗಳಲ್ಲಿ ಹೆಗಲು, ಮೊಣಕಾಲು ಮುಚ್ಚುವ ಉಡುಗೆ ತೊಡುವುದು, ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಬೀದಿಯಲ್ಲಿ ತಿನ್ನದಿರುವುದು ಅತಿಥಿಗಳಿಗೆ ಶೋಭೆ ತರುವ ನಡತೆ.

ಕಾಡು ಮೊದಲೋ ಕಡಲು ಮೊದಲೋ ಎಂಬ ಪ್ರಶ್ನೆಗೆ ಕಾಡೇ ಮೊದಲು ಎಂಬುದು ಅನುಭವಿಗಳೆಲ್ಲರ ಉತ್ತರ. ನಸುಕಿನಲ್ಲೇ ಎದ್ದು ಧೂಳಿನಲ್ಲಿ ಕುಲುಕಾಡಿದ ಮೈಗೆ ಕೊನೆಯಲ್ಲಿ ವಿಶ್ರಾಂತಿ ಬೇಕು. ಆದರೆ ಸ್ಕೂಬಾ ಡೈವಿಂಗ್ ಮಾಡುವವರು ಕೊನೆಯ ಮುಳುಗಿಗೂ ಮನೆಗೆ ಮರಳುವ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡಬೇಕು. ರಕ್ತದಲ್ಲಿ ಉಳಿದ ಸಾರಜನಕ ಎತ್ತರದಲ್ಲಿ ಗುಳ್ಳೆಯಾದರೆ ಪ್ರಾಣಕ್ಕೇ ಅಪಾಯ. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಕಡಲತೀರಕ್ಕೆ ಬಂದೆವೆಂದೋ ಮನೆಗೆ ಮರಳಿದೆವೆಂದೋ ನಿಲ್ಲಿಸಬಾರದು. ಔಷಧಿಗೆ ತಕ್ಕಂತೆ ಒಂದು ವಾರದಿಂದ ನಾಲ್ಕು ವಾರದವರೆಗೆ ಮುಂದುವರಿಸಬೇಕಾಗುತ್ತದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಬೇಕು. ಕೆನ್ಯಾದಿಂದ ತಾಂಜಾನಿಯಾಕ್ಕೆ ದಾಟುವಾಗ ಆ ಪ್ರಮಾಣಪತ್ರ ಕೇಳುತ್ತಾರೆ. ಕೆನ್ಯಾದಿಂದ ಭಾರತಕ್ಕೆ ಮರಳುವಾಗ ಅದಿಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿರಿಸಲು ಅವಕಾಶವಿದೆ.

ಕಾಗದಪತ್ರಗಳ ಮಾತು ಸಂಕ್ಷಿಪ್ತ. ಕೆನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತದೆ. ತಾಂಜಾನಿಯಾಕ್ಕೆ ವೀಸಾ ಬೇಕು, ಅದೇ ಜಾಂಜಿಬಾರ್‌ಗೂ ನಡೆಯುತ್ತದೆ. ಎರಡಕ್ಕೂ ಆಯಾ ಸರ್ಕಾರದ ಜಾಲತಾಣದಲ್ಲೇ ಅರ್ಜಿ ಹಾಕಬೇಕು, ಹೋಲುವ ಹೆಸರಿನ ಖಾಸಗಿ ತಾಣಗಳು ದುಪ್ಪಟ್ಟು ಹಣ ಕೀಳುತ್ತವೆ. 2024ರ ಅಕ್ಟೋಬರ್‌ನಿಂದ ಜಾಂಜಿಬಾರ್‌ಗೆ ಬರುವ ವಿದೇಶಿಯರು ಅಲ್ಲಿನ ವಿಮಾ ಸಂಸ್ಥೆಯ 44 ಡಾಲರಿನ ವಿಮೆಯನ್ನು, ತಮ್ಮದೇ ವಿಮೆ ಇದ್ದರೂ, ಕೊಳ್ಳಲೇಬೇಕು. ಎರಡೂ ದೇಶಗಳಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ.

ಇಷ್ಟೆಲ್ಲದರಲ್ಲಿ ಹಣ ಎಲ್ಲಿ ಉಳಿಸಬಾರದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಮಾರ್ಗದರ್ಶಿಯಲ್ಲಿ. ಕೆನ್ಯಾದಲ್ಲಿ ವೃತ್ತಿಪರ ಸಫಾರಿ ಮಾರ್ಗದರ್ಶಿಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ದರ್ಜೆ ಕೊಡುತ್ತದೆ. ನಿಮ್ಮ ಗಾಡಿಯವರ ದರ್ಜೆ ಯಾವುದೆಂದು ಮುಂಚೆಯೇ ಕೇಳಬಹುದು. ತಾಂಜಾನಿಯಾದಲ್ಲಿ ಪ್ರವಾಸ ಸಂಸ್ಥೆಗೆ ಸರ್ಕಾರದ ಪರವಾನಗಿ ಕಡ್ಡಾಯ, ಅದರ ಸಂಖ್ಯೆ ಕೇಳಬಹುದು. ಒಳ್ಳೆಯ ಮಾರ್ಗದರ್ಶಿ ಇಂಪಾಲಾ ಹುಲ್ಲೆಗಳ ಕಿವಿ ತಿರುಗಿದ ದಿಕ್ಕನ್ನು ನೋಡಿ ಎಂಜಿನ್ ನಿಲ್ಲಿಸುತ್ತಾನೆ, ರೇಡಿಯೊದಲ್ಲಿ ಕರೆ ಬಂದೊಡನೆ ಉಳಿದವರ ಹಿಂದೆ ಓಡುವುದಿಲ್ಲ. ಅವನಿಗೆ ಭಕ್ಷೀಸು ಕೊಡುವುದು ಅಲ್ಲಿನ ರೂಢಿ. ಅದನ್ನೂ ಖರ್ಚಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ‘ಇನ್ನೂ ಹತ್ತಿರ ಹೋಗಿ’ ಎಂದು ಅವನನ್ನು ಒತ್ತಾಯಿಸದಿರುವುದು ಭಕ್ಷೀಸಿಗಿಂತ ದೊಡ್ಡ ಉಪಕಾರ: ನಿಯಮ ಮುರಿದದ್ದಕ್ಕೆ ದಂಡ, ಅಮಾನತು ಬೀಳುವುದು ಅವನ ಮೇಲೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಪುರವಣಿಯಲ್ಲಿ ಪೂರ್ವ ಆಫ್ರಿಕಾದ ಬಗ್ಗೆ ಬರಹ ಬರುವಾಗಲೆಲ್ಲ ಲೇಖಕರು ಹೋದ ತಿಂಗಳು, ಅಂದಿನ ಮಳೆ–ಗಾಳಿಯ ಸ್ಥಿತಿ, ಒಂದು ತಂಗುದಾಣದಿಂದ ಇನ್ನೊಂದಕ್ಕೆ ಹಿಡಿದ ಗಂಟೆಗಳು, ಉದ್ಯಾನದ ಶುಲ್ಕ ಸೇರಿ ಆದ ಖರ್ಚು ಇಷ್ಟನ್ನು ಒಂದು ಚೌಕಟ್ಟಿನಲ್ಲಿ ತಪ್ಪದೆ ಅಚ್ಚು ಮಾಡಿ. ಪ್ಯಾಕೇಜ್ ಜಾಹೀರಾತು ಕೊಡುವವರಿಂದಲೂ ಪ್ರವೇಶ ಶುಲ್ಕ ಸೇರಿದೆಯೇ ಇಲ್ಲವೇ ಎಂಬುದನ್ನು ದರದಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ. ನದಿ ದಾಟುವ ಚಿತ್ರದ ಜಾಗದಲ್ಲಿ ಒಮ್ಮೆಯಾದರೂ ಮಿಕುಮಿಯದೋ ತ್ಸಾವೊದ್ದೋ ಚಿತ್ರ ಬರಲಿ. ಜುಲೈ ಪ್ರವಾಸಕ್ಕೆ ಮುಂಗಡ ಕಟ್ಟುವವರು ಹೆಚ್ಚಾಗಿ ವರ್ಷದ ಆರಂಭದಲ್ಲೇ ತೀರ್ಮಾನಿಸುವುದರಿಂದ, ಈ ಮಾಹಿತಿ ಡಿಸೆಂಬರ್‌ನ ಪುರವಣಿಯಲ್ಲೇ ಬಂದರೆ ಅವರಿಗೆ ಪ್ರಯೋಜನವಾದೀತು.

ಇಂತಿ ತಮ್ಮ ವಿಶ್ವಾಸಿ,
ಪ್ರವಾಸ ಪುರವಣಿಯ ಓದುಗ